ಇಲಿ ಬಿತ್ತು ಅಂದ್ರೆ ಊರು ಬಿಡಬೇಕು

ನಮ್ಮಜ್ಜಿ ಮಾಗಡಿ ಕಡೆಯವಳು. ರಾತ್ರಿ ಊಟ ಆದ ಮೇಲೆ ಜಗಲಿಯಲ್ಲಿ ಕೂತು ಎಲೆಅಡಿಕೆ ಮೆಲ್ಲುತ್ತಾ ಒಂದು ಮಾತು ಹೇಳ್ತಿದ್ದಳು: "ಇಲಿ ಬಿತ್ತು ಅಂದ್ರೆ ಊರು ಬಿಡಬೇಕು ಕಣೋ ಮಗ." ಅವಳು ಸಣ್ಣ ಹುಡುಗಿಯಾಗಿದ್ದಾಗ ಹಂಗೇ ಆಗಿತ್ತಂತೆ. ಅಟ್ಟದ ಮೇಲಿಂದ ಒಂದು ಇಲಿ ತೊಪ್ಪಂತ ಬಿದ್ದು ಸತ್ತರೆ ಸಾಕು, ಮಾರನೇ ದಿನ ರಾಗಿ ಮೂಟೆ, ಪಾತ್ರೆ, ದನಕರು, ಮುದುಕರು, ಕೂಸುಗಳು ಎಲ್ಲ ಊರಾಚೆ ಹೊಲಕ್ಕೆ. ತಡಿಕೆ ಕಟ್ಟಿ, ಗರಿ ಹೊದಿಸಿ ತಿಂಗಳುಗಟ್ಟಲೆ ಅಲ್ಲೇ ವಾಸ. ಊರಲ್ಲಿ ಮನೆಗಳ ಬಾಗಿಲು ಹಾಕಿರ್ತಿತ್ತು, ನಾಯಿಗಳು ಮಾತ್ರ ಓಡಾಡ್ತಿದ್ದವು ಅಂತ ಅಜ್ಜಿ ಹೇಳುವಾಗ ನಮಗೆಲ್ಲ ಮೈ ಜುಂ ಅನ್ನೋದು.

2021ರ ಮೇ ತಿಂಗಳಲ್ಲಿ ಸ್ಟುಡಿಯೋದಲ್ಲಿ ಕೂತು ಸಾವಿನ ಲೆಕ್ಕ ಓದ್ತಿದ್ದಾಗ ನನಗೆ ಮತ್ತೆ ಮತ್ತೆ ನೆನಪಾಗಿದ್ದು ಅಜ್ಜಿಯ ಆ ಇಲಿ. ಪ್ಲೇಗ್ ಬರುವ ಮುಂಚೆ ಇಲಿ ಬಿದ್ದು ಹೇಳ್ತಿತ್ತು. ನಮಗೆ ಯಾರು ಹೇಳಿದ್ರು? ಹೇಳಿದ್ದನ್ನ ನಾವು ಕೇಳಿಸಿಕೊಂಡ್ವಾ?

ಸ್ವಲ್ಪ ಹಿಂದಕ್ಕೆ ಹೋಗೋಣ ಬನ್ನಿ.

1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. ಅಲ್ಲಿಂದ ರೈಲು ಹಿಡಿದು ದಕ್ಷಿಣಕ್ಕೆ ಇಳಿಯಿತು. ಹುಬ್ಬಳ್ಳಿ ಸೀಮೆಯನ್ನು ಹಿಂಡಿ 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಬಂತು. ಆಗ ಬೆಂಗಳೂರು ಒಂದು ಊರಲ್ಲ, ಎರಡು. ಪೇಟೆ ಮೈಸೂರು ಮಹಾರಾಜರದ್ದು, ದಂಡು ಪ್ರದೇಶ ಬ್ರಿಟಿಷರದ್ದು. ಎರಡಕ್ಕೂ ಬೇರೆ ಬೇರೆ ಆಡಳಿತ. ಇಲಿಗೆ ಆ ಗಡಿ ಗೊತ್ತಿಲ್ಲವಲ್ಲ. ಸಾವಿರಾರು ಜನ ಸತ್ತರು, ಅದಕ್ಕಿಂತ ಹೆಚ್ಚು ಜನ ಊರು ಬಿಟ್ಟರು.

ಮೈಸೂರು ಸರ್ಕಾರ ವಿ.ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರ್ ಮಾಡಿತು. ಮುಂದೆ ದಿವಾನರಾದವರು ಇವರೇ. ಹಿಂದಿನ ವರ್ಷವಷ್ಟೇ, 1897ರಲ್ಲಿ, ಬ್ರಿಟಿಷರು ಸಾಂಕ್ರಾಮಿಕ ರೋಗಗಳ ಕಾಯಿದೆ ಮಾಡಿಕೊಂಡಿದ್ದರು. ಮನೆಗೆ ನುಗ್ಗಿ ತಪಾಸಣೆ ಮಾಡೋದು, ರೋಗಿಯನ್ನು ಎಳೆದುಕೊಂಡು ಹೋಗೋದು, ಹೆಂಚು ತೆಗೆಸಿ ಬಿಸಿಲು ಬೀಳಿಸೋದು, ಹಾಸಿಗೆ ಬಟ್ಟೆ ಸುಡೋದು. ಜನ ಏನು ಮಾಡಿದರು? ರೋಗ ಮುಚ್ಚಿಟ್ಟರು. ಹೇಳಿದರೆ ಕ್ಯಾಂಪಿಗೆ ಒಯ್ತಾರೆ, ಕ್ಯಾಂಪಿಗೆ ಹೋದವರು ವಾಪಸ್ ಬರಲ್ಲ ಅನ್ನೋದು ಜನರ ನಂಬಿಕೆ. ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ ಪ್ಲೇಗ್ ಕ್ರಮಗಳ ವಿರುದ್ಧ ಗಲಭೆಯೇ ಆಯಿತು. ಓದುಗರು ದಯವಿಟ್ಟು ಈ ಮುಚ್ಚಿಡುವ ವಿಚಾರವನ್ನು ನೆನಪಿಟ್ಟುಕೊಳ್ಳಿ. ಮುಂದೆ ಪೀಣ್ಯದಲ್ಲಿ ಮತ್ತೆ ಸಿಗುತ್ತೆ.

ಆ ಕಾಲದ ಒಬ್ಬ ಡಾಕ್ಟರ್ ಬಗ್ಗೆ ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. ಡಾ. ಪಲ್ಪು. ಕೇರಳದವರು, ಈಳವ ಜಾತಿಯವರು. ಆ ಒಂದೇ ಕಾರಣಕ್ಕೆ ತಿರುವಾಂಕೂರು ಸಂಸ್ಥಾನ ಅವರಿಗೆ ಕೆಲಸ ಕೊಡಲಿಲ್ಲ. ಮೈಸೂರು ಸಂಸ್ಥಾನ ಕೊಟ್ಟಿತು. 1898ರಲ್ಲಿ ಬೆಂಗಳೂರಿನ ಪ್ಲೇಗ್ ಕ್ಯಾಂಪಿನಲ್ಲಿ, ಬೇರೆಯವರು ಹತ್ತಿರ ಸುಳಿಯಲೂ ಹೆದರುತ್ತಿದ್ದ ಕಾಲದಲ್ಲಿ, ನಿಂತು ಕೆಲಸ ಮಾಡಿದವರು ಇವರು. ಬೆಂಗಳೂರಿನಲ್ಲಿ ಯಾರ್ಯಾರದ್ದೋ ಹೆಸರಿನ ಸರ್ಕಲ್‌ಗಳಿವೆ. ಈ ಹೆಸರು ಕೇಳಿದವರು ಎಷ್ಟು ಜನ?

ಪ್ಲೇಗ್ ಬೆಂಗಳೂರನ್ನು ಬದಲಾಯಿಸಿತು. ವಾಣಿವಿಲಾಸ ಸನ್ನಿಧಾನ 1897ರಲ್ಲಿ ಶಂಕುಸ್ಥಾಪನೆ ಮಾಡಿದ್ದ ವಿಕ್ಟೋರಿಯಾ ಆಸ್ಪತ್ರೆ 1900ರ ಡಿಸೆಂಬರ್‌ನಲ್ಲಿ ಬಾಗಿಲು ತೆರೆಯಿತು, ವೈಸ್‌ರಾಯ್ ಕರ್ಜನ್ ಬಂದು ಉದ್ಘಾಟಿಸಿದ. ಮೊದಲೇ ರೂಪುಗೊಳ್ಳುತ್ತಿದ್ದ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳಿಗೆ ಪೇಟೆಯ ಗಲ್ಲಿಗಳಿಂದ ಜನ ಹೋದರು. ಅಗಲ ರಸ್ತೆ, ಗಾಳಿ ಬೆಳಕು, ಮನೆಗಳ ಹಿಂಬದಿಗೆ ಪೌರಕಾರ್ಮಿಕರು ಓಡಾಡಲು ಕನ್ಸರ್ವೆನ್ಸಿ ಗಲ್ಲಿ. ಇವತ್ತಿಗೂ ಮಲ್ಲೇಶ್ವರದ ಕ್ರಾಸ್‌ಗಳ ನಡುವೆ ಆ ಗಲ್ಲಿಗಳನ್ನ ನೋಡಬಹುದು, ಬಹುತೇಕ ಸ್ಕೂಟರ್ ನಿಲ್ಲಿಸೋಕೆ ಬಳಕೆಯಾಗ್ತಿವೆ. ದಂಡಿನ ಕಡೆ ಫ್ರೇಜರ್ ಟೌನ್ ಹುಟ್ಟಿತು, ಇಲಿ ನುಗ್ಗಲಾರದಂಥ ಮನೆಗಳ ಬಡಾವಣೆ ಅಂತಲೇ ಅದರ ಹೆಗ್ಗಳಿಕೆ. ಊರಲ್ಲಿ ಟೆಲಿಫೋನ್ ತಂತಿ ಎಳೆದದ್ದೂ ಪ್ಲೇಗ್ ಕೆಲಸದ ಸಂಪರ್ಕಕ್ಕೇ ಅಂತ ಹೇಳ್ತಾರೆ. ಹಂಗೇ ಪ್ಲೇಗ್ ಮಾರಮ್ಮನ ಗುಡಿಗಳೂ ಎದ್ದವು.

ಆದ್ರೆ ಒಂದು ಮಾತು. ಹೊಸ ಬಡಾವಣೆಗೆ ಹೋಗಲು ಯಾರಿಗೆ ಆಯಿತು? ಸೈಟು ಕೊಳ್ಳುವ ಶಕ್ತಿ ಇದ್ದವರಿಗೆ. ಉಳಿದವರು ಅದೇ ಪೇಟೆಯಲ್ಲಿ, ಅದೇ ಗಲ್ಲಿಯಲ್ಲಿ ಉಳಿದರು. ಮಲ್ಲೇಶ್ವರದ ಹಳೇ ಕಥೆ ಹೇಳುವಾಗ ಈ ಭಾಗವನ್ನು ನಾವು ನುಂಗಿಬಿಡ್ತೀವಿ.

1918ರ ಇನ್‌ಫ್ಲುಯೆಂಜಾ ಕಥೆ ಇನ್ನೂ ವಿಚಿತ್ರ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕೊನೆಯ ತಿಂಗಳುಗಳು. ಯುದ್ಧ ಮುಗಿಯುವ ಹೊತ್ತಿಗೆ ಬಂದ ಜ್ವರ ಹಿಂದೂಸ್ತಾನದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ತೆಗೆದುಕೊಂಡು ಹೋಯಿತು. ಪ್ಲೇಗಿಗೆ ಗುಡಿ ಇದೆ, ಇಷ್ಟು ಜನ ಸತ್ತ ಈ ಜ್ವರಕ್ಕೆ ನನ್ನ ಕಣ್ಣಿಗೆ ಒಂದು ಕಲ್ಲೂ ಬಿದ್ದಿಲ್ಲ. ಬೇಗ ಬಂತು, ಬೇಗ ಹೋಯ್ತು, ಬೇಗ ಮರೆತರು.

ಈಗ ನಗರದ ಅಂಚಿಗೆ ಬರೋಣ. ನಾನು ಹೇಳಬೇಕಾದ ವಿಷಯ ಇರೋದೇ ಅಲ್ಲಿ.

ವೈಟ್‌ಫೀಲ್ಡ್ ಅಂದ್ರೆ ಇವತ್ತು ಗಾಜಿನ ಕಟ್ಟಡ. 1882ರಲ್ಲಿ ಅದು ಆಂಗ್ಲೋ ಇಂಡಿಯನ್ ಕುಟುಂಬಗಳ ಬೇಸಾಯಕ್ಕೆ ಅಂತ ಹತ್ತನೇ ಚಾಮರಾಜ ಒಡೆಯರು ಕೊಟ್ಟ 3,900 ಎಕರೆ. ಡಿ.ಎಸ್. ವೈಟ್ ಅನ್ನುವವರ ಹೆಸರಿನಿಂದ ಆ ಹೆಸರು. ಎಲೆಕ್ಟ್ರಾನಿಕ್ ಸಿಟಿ 1978ರಲ್ಲಿ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗ ಅವರ ಕನಸು, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆ ಹೊಲ. ಪೀಣ್ಯ 70ರ ದಶಕದಲ್ಲಿ ಬೆಳೆದ ಸಣ್ಣ ಕೈಗಾರಿಕೆಗಳ ದೊಡ್ಡ ಊರು: ಲೇತ್, ಮಿಲ್ಲಿಂಗ್, ಪೌಡರ್ ಕೋಟಿಂಗ್, ಗಾರ್ಮೆಂಟ್ಸ್.

ಮೂರೂ ಕಡೆ ಸರ್ಕಾರ ಜಾಗ ಕೊಟ್ಟಿತು, ಕರೆಂಟು ಕೊಟ್ಟಿತು, ರಸ್ತೆ ಕೊಟ್ಟಿತು. ಕೆಲಸ ಮಾಡೋಕೆ ಬರುವ ಜನ ಎಲ್ಲಿ ಮಲಗ್ತಾರೆ, ಜ್ವರ ಬಂದ್ರೆ ಎಲ್ಲಿಗೆ ಹೋಗ್ತಾರೆ ಅನ್ನುವ ಪ್ರಶ್ನೆಗೆ ಮಾತ್ರ ಅಷ್ಟೇ ಉತ್ಸಾಹದ ಉತ್ತರ ಸಿಗಲಿಲ್ಲ. ಜನ ತಾವೇ ಉತ್ತರ ಹುಡುಕಿಕೊಂಡರು. ಪೀಣ್ಯದ ಸುತ್ತ ವಠಾರಗಳು, ಆರು ಮನೆಗೆ ಒಂದು ಕಕ್ಕಸು. ವೈಟ್‌ಫೀಲ್ಡ್ ಕಡೆ ತೂಬರಹಳ್ಳಿ, ಮುನ್ನೇಕೊಳಾಲದ ಖಾಲಿ ಸೈಟುಗಳಲ್ಲಿ ತಗಡಿನ ಶೆಡ್ಡುಗಳು.

2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಮಾಡಿದರು. ಪೀಣ್ಯ ದಾಸರಹಳ್ಳಿ ಪಾಲಿಗೆ, ವೈಟ್‌ಫೀಲ್ಡ್ ಮಹದೇವಪುರದ ಪಾಲಿಗೆ ಬಂತು. ಎಲೆಕ್ಟ್ರಾನಿಕ್ ಸಿಟಿ ಹೊರಗೇ ಉಳಿಯಿತು. ಆಮೇಲೆ ಕಂಪನಿಗಳ ಆವರಣಕ್ಕೆ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರ ಬಂತು, ಕಾಂಪೌಂಡ್ ಆಚೆ ಕೆಲಸಗಾರರು ಬಾಡಿಗೆಗಿರುವ ಮನೆಗಳು ಪಂಚಾಯಿತಿಗೆ. 1898ರ ಪೇಟೆ ಮತ್ತು ದಂಡಿನ ಕಥೆ ನೆನಪಾಯ್ತಾ?

ಲೆಕ್ಕ ನೋಡಿ. ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 65 ಲಕ್ಷ, 2011ರಲ್ಲಿ 96 ಲಕ್ಷ. ಹೆಚ್ಚಳದ ದೊಡ್ಡ ಪಾಲು ಅಂಚಿನಲ್ಲೇ. ನಿಯಮದ ಪ್ರಕಾರ ನಗರದಲ್ಲಿ 50,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಆದ್ರೆ ಜನ ಎಷ್ಟಿದ್ದಾರೆ ಅಂತ ಎಣಿಸಿದ್ದೇ 2011ರಲ್ಲಿ. 2021ರಲ್ಲಿ ನಡೆಯಬೇಕಿದ್ದ ಜನಗಣತಿ ಕೋವಿಡ್‌ನಿಂದಲೇ ಮುಂದಕ್ಕೆ ಹೋಯಿತು. ಎಣಿಕೆಗೇ ಸಿಗದ ಜನರಿಗೆ ಮಾತ್ರೆ ಎಲ್ಲಿಂದ ಬರಬೇಕು?

ಈ ಸ್ಥಿತಿಯಲ್ಲಿ 2020ರ ಮಾರ್ಚ್ ಬಂತು. 9ನೇ ತಾರೀಕು ರಾಜ್ಯದ ಮೊದಲ ಪ್ರಕರಣ, ಅಮೆರಿಕದಿಂದ ಬಂದ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿ. ಮಾರನೇ ದಿನ ಕಲಬುರಗಿಯ 76 ವರ್ಷದ ಹಿರಿಯರ ಸಾವು, ದೇಶದ ಮೊದಲ ಕೋವಿಡ್ ಸಾವು. ಅದೇ 1897ರ ಕಾಯಿದೆಯನ್ನು ಕಪಾಟಿನಿಂದ ತೆಗೆದರು. ನೂರ ಇಪ್ಪತ್ತಮೂರು ವರ್ಷದ ಮುದಿ ಕಾಯಿದೆ!

ಮೇ ಮೊದಲ ವಾರ ನಾನು ಕ್ಯಾಮೆರಾದವನ ಜೊತೆ ತುಮಕೂರು ರಸ್ತೆಯಲ್ಲಿದ್ದೆ. ಗಂಟುಮೂಟೆ ಹೊತ್ತು ಜನ ನಡೀತಿದ್ದರು. ಒರಿಯಾ, ಹಿಂದಿ, ಬಂಗಾಳಿ, ನಡುನಡುವೆ ನಮ್ಮ ರಾಯಚೂರು, ಯಾದಗಿರಿ ಕನ್ನಡ. ಒಬ್ಬ ಗಾರೆ ಕೆಲಸದವನ ಮುಂದೆ ಮೈಕ್ ಹಿಡಿದೆ. "ಏನ್ ಮಾಡೂದ್ರಿ ಸರ, ಕೆಲಸಿಲ್ಲ, ಕೂಳಿಲ್ಲ, ಊರಿಗಿ ಹೊಂಟೀವಿ. ಸತ್ರ ನಮ್ಮೂರಾಗ ಸಾಯ್ತೀವಿ" ಅಂದ. ಅವನ ಹೆಂಡತಿ ನನ್ನ ಕಡೆ ನೋಡಲೂ ಇಲ್ಲ. ಅಜ್ಜಿ ಹೇಳಿದ್ದು ಊರು ಬಿಡುವ ಕಥೆ, ಇವರದ್ದು ಊರಿಗೆ ಹೋಗುವ ಕಥೆ.

ಅದೇ ವಾರ ಬಿಲ್ಡರ್‌ಗಳ ಜೊತೆ ಸಭೆ ನಡೆದ ಮೇಲೆ ಸರ್ಕಾರ ಶ್ರಮಿಕ ರೈಲುಗಳು ಬೇಡ ಅಂದಿತು. ದೇಶವೆಲ್ಲ ಉಗಿದ ಮೇಲೆ ಎರಡು ದಿನದಲ್ಲಿ ತೀರ್ಮಾನ ವಾಪಸ್ ಆಯಿತು. ಅದೇ ತಿಂಗಳು ಕಾರ್ಖಾನೆಗಳಲ್ಲಿ ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆ ದುಡಿಸಬಹುದು ಅಂತ ಅಧಿಸೂಚನೆ. ಹೈಕೋರ್ಟ್ ಪ್ರಶ್ನೆ ಮಾಡಿದ ಮೇಲೆ ಜೂನ್‌ನಲ್ಲಿ ಅದೂ ವಾಪಸ್. ಜುಲೈನಲ್ಲಿ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಕೊಡಿ ಅಂತ ಮುಷ್ಕರ ಕೂತರು. ಮನೆ ಮನೆ ಬಾಗಿಲು ತಟ್ಟಿ ಜ್ವರ ಇದೆಯಾ ಅಂತ ಕೇಳ್ತಿದ್ದವರು ಇವರೇ ಅಲ್ವಾ? ನಮ್ಮ ಕಾಲದ ಇಲಿ ಎಲ್ಲಿ ಬಿದ್ದಿದೆ ಅಂತ ಮೊದಲು ನೋಡಬೇಕಿದ್ದ ಕಣ್ಣುಗಳು. ಅವರಿಗೆ ನಾವು ಚಪ್ಪಾಳೆ ತಟ್ಟಿದ್ವಿ.

ಇಲ್ಲಿ ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ಆ ದಿನಗಳಲ್ಲಿ ಟಿವಿ ಏನು ಮಾಡ್ತಿತ್ತು? ಕೆಂಪು ಗ್ರಾಫಿಕ್ಸ್, ಸೈರನ್ ಸದ್ದು, ರೋಗಿಗೊಂದು ನಂಬರ್. ಯಾವ ಬೀದಿ, ಯಾವ ಸಮುದಾಯ, ಯಾರಿಂದ ಯಾರಿಗೆ ಹಬ್ಬಿತು ಅಂತ ಬೆರಳು ತೋರಿಸೋದು. ನಾನೂ ಆ ಕೂಗಿನಲ್ಲಿದ್ದೆ. ಅದರ ಪರಿಣಾಮ ನನಗೆ ಗೊತ್ತಾಗಿದ್ದು ತಡವಾಗಿ. ಬಾಗಿಲಿಗೆ ಬ್ಯಾರಿಕೇಡ್ ಬಡೀತಾರೆ, ಟಿವಿಯವರು ಬರ್ತಾರೆ, ಓನರ್ ಮನೆ ಖಾಲಿ ಮಾಡಿಸ್ತಾನೆ ಅನ್ನುವ ಹೆದರಿಕೆಗೆ ಜನ ಜ್ವರ ಮುಚ್ಚಿಟ್ಟರು. 1898ರಲ್ಲಿ ಪ್ಲೇಗ್ ಮುಚ್ಚಿಟ್ಟಂತೆಯೇ. ಆಗ ಹೆದರಿಸಿದ್ದು ಸರ್ಕಾರದ ಸಿಪಾಯಿ. ಈ ಸಲ ನಮ್ಮ ಮೈಕೂ ಇತ್ತು.

ಜುಲೈನಲ್ಲಿ ಪೀಣ್ಯ ದಾಟಿ ಮಾದಾವರದ ವಸ್ತುಪ್ರದರ್ಶನ ಕೇಂದ್ರ, ಬಿಐಇಸಿಯಲ್ಲಿ 10,100 ಹಾಸಿಗೆಗಳ ಕೋವಿಡ್ ಆರೈಕೆ ಕೇಂದ್ರ ಅಂತ ಘೋಷಣೆಯಾಯಿತು. ನಾವು ಡ್ರೋನ್ ಹಾರಿಸಿ ತೋರಿಸಿದ್ದೇ ತೋರಿಸಿದ್ದು. ಸೆಪ್ಟೆಂಬರ್‌ನಲ್ಲಿ ಅದನ್ನು ಮುಚ್ಚಿದರು. ಏಳು ತಿಂಗಳಲ್ಲಿ ಎರಡನೇ ಅಲೆ.

ಎರಡನೇ ಅಲೆಯ ಸುಳಿವು ಇರಲಿಲ್ಲವಾ? ಇತ್ತು. 2021ರ ಫೆಬ್ರವರಿಯಲ್ಲಿ ಬಿಳೇಕಹಳ್ಳಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ಒಮ್ಮೆಗೇ 103 ಪ್ರಕರಣ ಸಿಕ್ಕವು. ಮಾರ್ಚ್‌ನಲ್ಲಿ ಐಟಿ ಕಾರಿಡಾರ್‌ನ ಬೆಳ್ಳಂದೂರು ಪಟ್ಟಿಯ ಮೇಲ್ಭಾಗಕ್ಕೆ ಬಂತು. ಇಲಿ ಬಿದ್ದಿತ್ತು ಸ್ವಾಮಿ. ನಾವು ಆಗ ಉಪಚುನಾವಣೆಯ ಚರ್ಚೆ ಮಾಡ್ತಿದ್ವಿ.

ಮೇ 5ರಂದು ರಾಜ್ಯದಲ್ಲಿ ಒಂದೇ ದಿನ 50,112 ಪ್ರಕರಣ, ಬೆಂಗಳೂರಿನಲ್ಲೇ 23,106. ಅದಕ್ಕೆ ಎರಡು ದಿನ ಮುಂಚೆ ಚಾಮರಾಜನಗರದಲ್ಲಿ ಆಮ್ಲಜನಕವಿಲ್ಲದೆ ಜನ ಸತ್ತಿದ್ದರು. ನನ್ನ ಭಾವಮೈದ ಪೀಣ್ಯದಲ್ಲಿ ಒಂದು ಸಣ್ಣ ಫ್ಯಾಬ್ರಿಕೇಶನ್ ಶಾಪ್‌ನಲ್ಲಿ ಸೂಪರ್‌ವೈಸರ್. ಆಮ್ಲಜನಕ ಮಟ್ಟ 86ಕ್ಕೆ ಇಳಿದಿತ್ತು. ನಾನು ಟಿವಿಯವನು, ಮಂತ್ರಿಗಳ ನಂಬರ್ ಇರುವವನು, 14 ಗಂಟೆ ಫೋನ್ ಹಿಡಿದು ಕೂತೆ. ಒಂದು ಖಾಸಗಿ ಆಸ್ಪತ್ರೆಯವರು ಬಾಗಿಲಲ್ಲೇ ಎರಡು ಲಕ್ಷ ಅಡ್ವಾನ್ಸ್ ಕೇಳಿದರು. ಕಟ್ಟಿದ್ವಿ. ಬದುಕಿದ. ಅವನ ಶಾಪ್‌ನಲ್ಲಿ ವೆಲ್ಡಿಂಗ್ ಮಾಡುತ್ತಿದ್ದ ಹುಡುಗನಿಗೂ ಅದೇ ವಾರ ಜ್ವರ. ಅವನ ಬಳಿ ಯಾರ ನಂಬರೂ ಇರಲಿಲ್ಲ. ಅವನ ಕಥೆ ನಾನು ಇಲ್ಲಿ ಬರೆಯಲ್ಲ, ಅವನ ತಾಯಿ ಬೇಡ ಅಂದಿದ್ದಾರೆ.

ಆ ದಿನಗಳಲ್ಲಿ ಕೋವಿಡ್ ಶವಗಳಿಗೆ ಅಂತ ಗೊತ್ತುಮಾಡಿದ್ದ ಚಿತಾಗಾರಗಳ ಪಟ್ಟಿ ದಿನವೂ ಸ್ಕ್ರೀನ್ ಮೇಲೆ ಓಡುತ್ತಿತ್ತು. ಅದರಲ್ಲಿ ಪೀಣ್ಯ ಇತ್ತು. ವೈಟ್‌ಫೀಲ್ಡ್ ಕಡೆಯ ಪಣತ್ತೂರು ಇತ್ತು. ಎಲೆಕ್ಟ್ರಾನಿಕ್ ಸಿಟಿಗೆ ಹತ್ತಿರದ ಕೂಡ್ಲು ಇತ್ತು. ಜಾಗ ಸಾಲದೆ ತಾವರೆಕೆರೆ ಹತ್ತಿರ ಗಿಡ್ಡೇನಹಳ್ಳಿಯ ಕಲ್ಲುಕ್ವಾರಿಯಲ್ಲಿ ಬಯಲಲ್ಲೇ ಚಿತೆ. ಅಂಚಿನ ಮೂರೂ ಪ್ರದೇಶಕ್ಕೆ ಹತ್ತಿರದಲ್ಲೊಂದು ಚಿತಾಗಾರವಿತ್ತು. ವಿಕ್ಟೋರಿಯಾದಂಥ ದೊಡ್ಡ ಸರ್ಕಾರಿ ಆಸ್ಪತ್ರೆ? ಅದಕ್ಕೆ ಊರೊಳಗೆ ಬರಬೇಕಿತ್ತು, 1900ರಲ್ಲಿ ಕಟ್ಟಿದ ಜಾಗಕ್ಕೇ.

ಲಸಿಕೆಯ ಕಥೆ ಚಿಕ್ಕದಾಗಿ ಹೇಳ್ತೀನಿ. 18 ದಾಟಿದವರಿಗೆ ಮೇ 1ರಿಂದ. ಮೊಬೈಲ್‌ನಲ್ಲಿ ಕೋವಿನ್ ತೆಗೆದು, ಒಟಿಪಿ ಹಾಕಿ, ಸ್ಲಾಟ್ ಹಿಡಿಯಬೇಕು. ನಗರದ ಟೆಕ್ಕಿಗಳು ಕಾರು ಹತ್ತಿ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಹೋಗಿ ಹಾಕಿಸಿಕೊಂಡು ಬಂದರು. ಆ ಹಳ್ಳಿಯವರು ಬದಿಗೆ ನಿಂತು ನೋಡಿದರು. ತಪ್ಪು ಟೆಕ್ಕಿಗಳದ್ದು ಅಂತ ನಾನು ಹೇಳಲ್ಲ, ವ್ಯವಸ್ಥೆ ಹಂಗೆ ಮಾಡಿಟ್ಟಿತ್ತು. ಜೂನ್‌ನಲ್ಲಿ ಖಾಸಗಿಯಲ್ಲಿ ಕೋವಿಶೀಲ್ಡ್‌ಗೆ 780 ರೂಪಾಯಿ, ಕೋವ್ಯಾಕ್ಸಿನ್‌ಗೆ 1,410. ಅಪಾರ್ಟ್‌ಮೆಂಟ್ ಕ್ಲಬ್‌ಹೌಸ್‌ಗಳಲ್ಲಿ ಕ್ಯಾಂಪ್ ನಡೆದವು. ಗೇಟಿನ ಸೆಕ್ಯುರಿಟಿಯವನಿಗೂ, ಮನೆಗೆಲಸದ ಅಕ್ಕನಿಗೂ ತಮ್ಮ ದುಡ್ಡಲ್ಲೇ ಹಾಕಿಸಿದ ಸಂಘಗಳೂ ಇದ್ದವು, ಅವರಿಗೆ ದೊಡ್ಡ ನಮಸ್ಕಾರ.

ಆಮೇಲೆ ಎಲ್ಲ ಮುಗಿಯಿತು ಅಂದುಕೊಂಡೆವು. ಆದ್ರೆ ಸಾಂಕ್ರಾಮಿಕದ ಬಾಲ ಉದ್ದ. ದೇಶದಲ್ಲಿ 2019ರಲ್ಲಿ ದಾಖಲಾದ ಕ್ಷಯ ರೋಗಿಗಳು 24 ಲಕ್ಷ, 2020ರಲ್ಲಿ 18 ಲಕ್ಷ. ಕ್ಷಯ ಕಡಿಮೆಯಾಯ್ತಾ? ಇಲ್ಲ, ಪತ್ತೆ ಹಚ್ಚೋದು ಕಡಿಮೆಯಾಯ್ತು. ಒಂದು ಕೋಣೆಯಲ್ಲಿ ಆರು ಜನ ಮಲಗುವ ಶೆಡ್ಡಿನಲ್ಲಿ ಪತ್ತೆಯಾಗದ ಒಬ್ಬ ಕ್ಷಯರೋಗಿ ಅಂದ್ರೆ ಏನು ಅರ್ಥ ಅಂತ ಡಾಕ್ಟರನ್ನು ಕೇಳಿ. ಮನಸ್ಸಿನ ಕಾಯಿಲೆಗಳದ್ದು ಇನ್ನೊಂದು ಲೋಕ. 2022ರ ಅಕ್ಟೋಬರ್‌ನಲ್ಲಿ ನಮ್ಮ ನಿಮ್ಹಾನ್ಸ್ ಉಸ್ತುವಾರಿಯಲ್ಲಿ ಟೆಲಿ ಮಾನಸ್ ಶುರುವಾಯಿತು, ನಂಬರ್ 14416. ಇದು ಒಳ್ಳೇ ಕೆಲಸ, ನಂಬರ್ ಬರೆದಿಟ್ಟುಕೊಳ್ಳಿ.

ಇನ್ನೊಂದು ಒಳ್ಳೇ ಕೆಲಸವೂ ಆಗಿದೆ. ಎನ್‌ಸಿಬಿಎಸ್ ವಿಜ್ಞಾನಿಗಳು ಮತ್ತು ಅವರ ಜೊತೆಗಾರರು ಬೆಂಗಳೂರಿನ ಕೊಳಚೆ ನೀರು ಶುದ್ಧೀಕರಣ ಘಟಕಗಳಿಂದ ನೀರು ತಂದು ವೈರಸ್ ಎಷ್ಟಿದೆ, ಯಾವ ತಳಿ ಅಂತ ನೋಡತೊಡಗಿದರು. ಯಾರ ಮನೆ ಬಾಗಿಲೂ ತಟ್ಟಬೇಕಿಲ್ಲ, ಯಾರ ಹೆಸರೂ ಬೇಕಿಲ್ಲ, ಬ್ಯಾರಿಕೇಡ್ ಬೇಡ. ಜನ ಮುಚ್ಚಿಟ್ಟರೂ ಮೋರಿ ಮುಚ್ಚಿಡಲ್ಲ! ಅಜ್ಜಿಯ ಇಲಿಗೆ ಇದಕ್ಕಿಂತ ಹತ್ತಿರದ ನೆಂಟ ಇನ್ನೊಂದಿಲ್ಲ ಅಂತ ನನಗನ್ನಿಸುತ್ತೆ. ಒಂದೇ ತೊಡಕು: ಒಳಚರಂಡಿಯೇ ಇಲ್ಲದ, ಪಿಟ್ ತುಂಬಿದಾಗ ಟ್ಯಾಂಕರ್ ಕರೆಸುವ ಬೀದಿಗಳ ನೀರು ಆ ಘಟಕಗಳಿಗೆ ಹರಿಯಲ್ಲ. ಅಂಥ ಬೀದಿಗಳು ಹೆಚ್ಚಿರೋದು ಅಂಚಿನಲ್ಲೇ.

ಈಗ ನನ್ನ ಮುಖ್ಯ ತಕರಾರು. ವೆಲ್ಡಿಂಗ್ ಹುಡುಗ, ಟೈಲರಿಂಗ್ ಹೆಣ್ಣುಮಗಳು ಜ್ವರ ಬಂದ ಮೊದಲ ದಿನವೇ ಕೆಲಸ ಬಿಟ್ಟು ಮನೆಯಲ್ಲಿ ಕೂತರೆ ರೋಗ ಅಲ್ಲೇ ನಿಲ್ಲುತ್ತೆ. ಯಾಕೆ ಕೂರಲ್ಲ? ಕೂಲಿ ಹೋಗುತ್ತೆ. ಇಎಸ್‌ಐ ಇದೆಯಲ್ಲ ಅಂತೀರಿ. ಇದೆ, ತಿಂಗಳ ಸಂಬಳ 21,000 ಒಳಗಿದ್ದರೆ. ಕಾಯಿಲೆ ರಜೆಗೆ ಕೂಲಿಯ ಶೇ. 70ರಷ್ಟು, ವರ್ಷಕ್ಕೆ 91 ದಿನದವರೆಗೆ ಕೊಡ್ತಾರೆ. ಆದ್ರೆ ಕೋವಿಡ್ ಬಂದಾಗಲೂ ಜಾರಿಯಲ್ಲಿದ್ದ ಒಂದು ಹಳೇ ಷರತ್ತು ಕೇಳಿ: ಕಾಯಿಲೆ ಬಿದ್ದ ಮೊದಲ ಎರಡು ದಿನಕ್ಕೆ, ಹದಿನೈದು ದಿನದೊಳಗೆ ಕಾಯಿಲೆ ಮರುಕಳಿಸಿದ್ದಲ್ಲದಿದ್ದರೆ, ಆ ಹಣ ಇಲ್ಲ. ಯಾವ ಎರಡು ದಿನ ಅವನು ಮನೆಯಲ್ಲಿರಬೇಕೋ ಅದೇ ಎರಡು ದಿನ! ಇನ್ನು ಕಾಂಟ್ರಾಕ್ಟ್ ಹುಡುಗರಲ್ಲಿ ಎಷ್ಟು ಜನರ ಕೈಯಲ್ಲಿ ಇಎಸ್‌ಐ ಕಾರ್ಡ್ ಇದೆ ಅಂತ ಯಾವ ಗೇಟಿನ ಮುಂದೆಯಾದರೂ ನಿಂತು ಕೇಳಿ ನೋಡಿ.

ಪ್ಲೇಗ್ ಆದ ಮೇಲೆ ವಿಕ್ಟೋರಿಯಾ ಬಂತು, ಕೋವಿಡ್ ಆದ ಮೇಲೆ ನಮ್ಮ ಕ್ಲಿನಿಕ್ ಬಂತು. 2022ರ ಕೊನೆಯಿಂದ ರಾಜ್ಯದಲ್ಲಿ ಶುರುವಾಗಿ, ಬೆಂಗಳೂರಿನಲ್ಲಿ ವಾರ್ಡಿಗೊಂದರಂತೆ 243 ಅಂತ ಯೋಜನೆ. ಡಾಕ್ಟರ್, ನರ್ಸ್, ಲ್ಯಾಬ್, ಮಾತ್ರೆ ಎಲ್ಲ ಉಚಿತ. ಸ್ವಾಗತಿಸಿದವರಲ್ಲಿ ನಾನೂ ಒಬ್ಬ, ಈಗಲೂ ಸ್ವಾಗತಿಸ್ತೀನಿ. ಆದ್ರೆ ಸಮಯ ಬೆಳಿಗ್ಗೆ 9ರಿಂದ ಸಂಜೆ 4.30 ಅಂತ ಮಾಡಿದರು. ಕಾರ್ಖಾನೆಯ ಜನರಲ್ ಶಿಫ್ಟ್ ಶುರುವಾಗೋ ಹೊತ್ತಿಗೆ ಬಾಗಿಲು ತೆರೆಯುತ್ತೆ, ಶಿಫ್ಟ್ ಬಿಡೋ ಮುಂಚೆ ಮುಚ್ಚುತ್ತೆ. ಸಂಜೆ ತೆರೆದಿಡಿ ಅಂತ ಜನ ಕೇಳಿದರು, ಕೆಲವು ಕಡೆ ರಾತ್ರಿ 8ರವರೆಗೆ ಮಾಡುವ ಮಾತೂ ಬಂತು. ಕೈಗಾರಿಕಾ ಪ್ರದೇಶದ ಅಷ್ಟೂ ಕ್ಲಿನಿಕ್‌ಗಳಲ್ಲಿ ಅದು ಮೊದಲ ದಿನವೇ ಆಗಬೇಕಿದ್ದ ಕೆಲಸ. ಹೊಸ ಕಟ್ಟಡ ಬೇಡ, ಟೆಂಡರ್ ಬೇಡ, ಬೋರ್ಡ್ ಮೇಲಿನ ಗಂಟೆ ಬದಲಾಯಿಸಿ, ಇನ್ನೊಂದು ಪಾಳಿಗೆ ಸಿಬ್ಬಂದಿ ಕೊಟ್ಟರೆ ಆಯ್ತು.

ಹೋದ ಮಳೆಗಾಲದಲ್ಲಿ ಡೆಂಗಿ ವರದಿಗೆ ಅಂತ ಅಂಥದ್ದೊಂದು ಸರ್ಕಾರಿ ಕ್ಲಿನಿಕ್ ಮುಂದೆ ನಿಂತಿದ್ದೆ. ಸಂಜೆ ಆರಕ್ಕೆ ಹತ್ತು ನಿಮಿಷ ಇತ್ತು. ಶಟರ್ ಎಳೆದಿತ್ತು. ಕೈಯಲ್ಲಿ ಟಿಫನ್ ಬಾಕ್ಸ್ ಹಿಡಿದ ಹೆಣ್ಣುಮಗಳೊಬ್ಬಳು ಬಂದು ಬೋರ್ಡ್ ಓದಿದಳು. ಗಾರ್ಮೆಂಟ್ಸ್ ಗುರುತಿನ ಚೀಟಿ ಇನ್ನೂ ಕೊರಳಲ್ಲೇ ಇತ್ತು, ಕಣ್ಣು ಕೆಂಪಗಾಗಿದ್ದವು.

"ಜ್ವರನಾ ಅಮ್ಮಾ?" ಅಂದೆ.

"ಮೂರು ದಿನದಿಂದ ಸಾರ್."

"ರಜ ಹಾಕಿ ಬೆಳಿಗ್ಗೆ ಬರಬಾರದಾ?"

ಅವಳು ನಕ್ಕಳು. ಪಕ್ಕದ ಮೆಡಿಕಲ್ ಸ್ಟೋರಿಗೆ ಹೋಗಿ ಡೋಲೋ 650 ಎರಡು ಮಾತ್ರೆ ತಗೊಂಡು, ಒಂದನ್ನ ಅಲ್ಲೇ ನುಂಗಿ, ಇನ್ನೊಂದನ್ನ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಬೆಳಿಗ್ಗೆ ಒಂಬತ್ತಕ್ಕೆ ಲೈನ್‌ನಲ್ಲಿ ಕೂರಬೇಕಂತೆ.